ಹೂವಿಗೆ ಎಲ್ಲಾರೂ ಬರ್ತೀರಿ, ಕಾಯಿಗೆ ಯಾರು?

ಅಕ್ಕಾ, ವೈನಿ, ಮಾಮಿ, ಕಾಕು, ಎಲ್ಲಾರಿಗೂ ಒಟ್ಟಿಗೇ ಹೇಳ್ತೇನಿ. ಈ ಸಲ ಉಪ್ಪಿನಕಾಯಿದೂ ಇಲ್ಲಾ, ಚಕ್ಕಲಿ ಹಿಟ್ಟಿಂದೂ ಇಲ್ಲಾ. ಈ ಸಲ ಜಗಳ.

ಮೇ ತಿಂಗಳ ಕಡೀ ವಾರದಾಗ ನಮ್ಮ ಹಿತ್ತಲದ ಗಿಡದ ಫೋಟೋ ಕಳಿಸಿದ್ದೆ. ಬೇಲಿ ಮೂಲ್ಯಾಗಿನ ಗಿಡ, ಮೈತುಂಬ ಹಳದಿ ಗೊಂಚಲ ಇಳಿಬಿಟ್ಟುಕೊಂಡು ನಿಂತಿತ್ತು. ಅರ್ಧಾ ತಾಸಿನಾಗ ಉತ್ತರ ಸಾಲಾಗಿ ಬಂದ್ವು. "ಅಯ್ಯ, ನಮ್ಮ ಕಕ್ಕಿ ಹೂ ಇಂಗ್ಲಂಡಿನಾಗೂ ಬಿಡ್ತಾವೇನ?" ಅಂತ ಒಬ್ಬರು. "ದೇವರಿಗೆ ಏರಿಸು" ಅಂತ ಇನ್ನೊಬ್ಬರು. "ಕಾಯಿ ಆದ ಮ್ಯಾಲೆ ನಾಲ್ಕು ಒಣಗಿಸಿ ಇಡು, ಹೊಟ್ಟಿ ಕಟ್ಟಿದಾಗ ಭಾಳ ಛಲೋ" ಅಂತ ಮೂರನೇದವರು. ಆ ಮೂರನೇದು ಓದಿ ನನ್ನ ಎದಿ ಧಸಕ್ ಅಂತು. ಹೇಳಿದವರು ಪ್ರೀತಿಯಿಂದನ ಹೇಳ್ಯಾರ, ಅದು ನನಗ ಗೊತ್ತದ. ಆದ್ರ ಆ ಮಾತು ಕೇಳಿ ಯಾರರ ಹಂಗ ಮಾಡಿದ್ರ ದವಾಖಾನಿಗೆ ಹೋಗೂ ಪಾಳಿ ಬರ್ತದ. ಅದಕ್ಕ ಬರ್ಯಾಕ ಕೂತೇನಿ.

ಮೊದಲ ಮಾತು. ಅದು ಕಕ್ಕಿ ಅಲ್ಲ. ಅದರ ಹೆಸರು ಲ್ಯಾಬರ್ನಮ್. ನಮ್ಮ ಕಕ್ಕಿಗೆ ಇಂಗ್ಲಿಷಿನವರು "ಇಂಡಿಯನ್ ಲ್ಯಾಬರ್ನಮ್" ಅಂತ ಹೆಸರಿಟ್ಟರು, ಯಾಕಂದ್ರ ತಮ್ಮ ಊರಿನ ಗಿಡದ ನೆನಪಾತು ಅವರಿಗೆ. ಅವರು ತಮ್ಮ ಊರು ನೆನಸಿಕೊಂಡು ಹೆಸರಿಟ್ಟರು, ನಾವು ನಮ್ಮ ಊರು ನೆನಸಿಕೊಂಡು ಮೋಸ ಹೋಗ್ಲಿಕತ್ತೇವಿ. ಎರಡೂ ದ್ವಿದಳದ ಜಾತಿನ ಖರೇ, ಎರಡೂ ಹಳದಿ ಗೊಂಚಲ ಬಿಡ್ತಾವ, ಅದೂ ಖರೇ. ಹಂಗಂತ ಎರಡೂ ಒಂದೇ ಅಂದ್ರ ಹೆಂಗ? ಹಾಲು, ಸುಣ್ಣದ ನೀರು ಎರಡೂ ಬೆಳ್ಳಗ ಇರ್ತಾವ.

ನೋಡಿ ತಿಳಕೊಳ್ಳೂದು ಸುಲಭ ಅದ. ಕಕ್ಕಿ ಹೂವಿನ ಐದೂ ಪಕಳಿ ಬಿಚ್ಚಿಕೊಂಡಿರ್ತಾವ, ನಡುವ ಬಾಗಿದ ಉದ್ದ ಕೇಸರ ಹೊರಗ ಬಂದಿರ್ತಾವ. ಲ್ಯಾಬರ್ನಮ್ ಹೂ ಹಂಗಲ್ಲ, ಬಟಾಣಿ ಹೂವಿನಗತೆ ಬಾಯಿ ಮುಚ್ಚಿಕೊಂಡಿರ್ತದ. ಕಕ್ಕಿ ಎಲಿ ಒಂದು ಕಡ್ಡಿಗೆ ಜೋಡಿ ಜೋಡಿಯಾಗಿ ನಾಕು-ಎಂಟು ಜೋಡಿ ಬರ್ತಾವ. ಇದರದು ಮೂರೇ ಮೂರು ಎಲಿ. ನಮ್ಮ ಅತ್ತಿಯವರು ಹೋದ ವರ್ಷ ಇಲ್ಲಿಗೆ ಬಂದಾಗ "ಎಲಿ ನೋಡಿದ್ರ ಬಿಲ್ವಪತ್ರಿ ಆಗೇದಲ್ಲ, ಸೋಮವಾರಕ್ಕ ಅನುಕೂಲ ಆತು" ಅಂದಿದ್ರು, ಪಾಪ. ಇನ್ನ ಕಾಯಿ ನೋಡ್ರಿ. ಕಕ್ಕಿಕಾಯಿ ಕೋಲಿನಗತೆ ದುಂಡಗ, ಒಂದರಿಂದ ಎರಡು ಫೂಟು ಉದ್ದ, ಬಲಿತ ಮ್ಯಾಲೆ ಕರೀ ಕಂದು ಬಣ್ಣ, ಒಳಗ ಬಿಲ್ಲಿ ಬಿಲ್ಲಿ ಗೋಡಿ, ಅದಕ್ಕ ಅಂಟಿದ ಕರೀ ತಿರುಳು. ಲ್ಯಾಬರ್ನಮ್ ಕಾಯಿ ಎರಡು ಮೂರು ಇಂಚು, ಚಪ್ಪಟಿ, ಎಳೇದಿದ್ದಾಗ ಹಸರು, ಮ್ಯಾಲೆ ಸಣ್ಣ ರೋಮ. ಸಣ್ಣ ಬಟಾಣಿ ಕಾಯಿನ ಅದು, ಥೇಟ್. ಒಳಗಿನ ಬೀಜ ಒಣಗಿದ ಮ್ಯಾಲೆ ಕರ್ರಗಾಗ್ತಾವ.

ಕಕ್ಕಿಕಾಯಿ ತಿರುಳು ನಮ್ಮ ವೈದ್ಯರು ಆರಗ್ವಧ ಅಂತ ಹೊಟ್ಟಿ ಸಾಫ್ ಮಾಡ್ಲಿಕ್ಕೆ ಕೊಡ್ತಾರ. ಲ್ಯಾಬರ್ನಮ್ ಗಿಡದಾಗ ತಿನ್ನೂವಂಥದ್ದು ಏನೂ ಇಲ್ಲಾ. ಎಲಿ, ಹೂ, ತೊಗಟಿ, ಬೀಜ, ಎಲ್ಲಾ ವಿಷ, ಬೀಜದಾಗ ಹೆಚ್ಚಿಗೆ. ಆ ವಿಷದ ಹೆಸರು ಸೈಟಿಸಿನ್, ತಂಬಾಕಿನ ನಿಕೊಟಿನ್ ಮಾಡೂ ಕೆಲಸಾನ ಮೈಯಾಗ ಇದೂ ಮಾಡ್ತದ. ಮಜಾ ಅಂದ್ರ, ಅದನ್ನ ಅಳದು ತೂಗಿ ಗುಳಿಗಿ ಮಾಡಿ ಸಿಗರೇಟ ಬಿಡಿಸಲಿಕ್ಕೆ ಬಲ್ಗೇರಿಯಾದ ಕಡೆ 1960ರ ದಶಕದಿಂದ ಕೊಡ್ತಾರ, ಇಲ್ಲೆ ಬ್ರಿಟನ್ನಿನಾಗೂ 2024ರಿಂದ ಡಾಕ್ಟರ ಚೀಟಿ ಮ್ಯಾಲೆ ಸಿಗ್ತದ. ಹಂಗಂತ ಗಿಡದ ಕಾಯಿ ಕಿತ್ತು ತಿಂದ್ರ ಔಷಧ ಆಗೂದಿಲ್ಲ. ಅಳತಿ ಗೊತ್ತಿದ್ದವನ ಕೈಯಾಗ ಔಷಧ, ನಮ್ಮ ಕೈಯಾಗ ವಿಷ.

ಈಗ ನನ್ನ ಮನಿ ಕಥಿ ಕೇಳ್ರಿ. ಇದು ಹೋದ ವರ್ಷ ಜುಲೈದಾಗ ಆದದ್ದು. ಊರಿಗೆ ಫೋನ್ ಮಾಡಿದಾಗ ಅರ್ಧಾ ಅಷ್ಟ ಹೇಳಿದ್ದೆ, ಪೂರ್ತಿ ಹೇಳಿರ್ಲಿಲ್ಲ.

ಈ ಮನಿ ತೊಗೊಂಡಾಗ ಗಿಡ ಮೊದಲ ಇತ್ತು, ಹಿಂದಿನವರು ಹಚ್ಚಿದ್ದು. ಮೇ ಕಡೀಗೆ ಹೂ ಬಿಡ್ತು, ಎರಡು ಮೂರು ವಾರ ಹಬ್ಬ ಮಾಡ್ತು, ಜೂನ್ ನಡುವ ಉದುರಿ ಹೋತು. ಹೂ ಇದ್ದಾಗ ನಾ ದಿನಾ ಗಿಡದ ಕೆಳಗ ಚಹಾ ಕುಡಿದೆ, ಫೋಟೋ ತಗದೆ. ಹೂ ಹೋದ ಮ್ಯಾಲೆ ತಿರುಗಿ ಸುದ್ದಾ ನೋಡ್ಲಿಲ್ಲ. ಹೂ ಹೋದ ಜಾಗಾದಾಗ ಕಾಯಿ ಜೋತು ಬಿದ್ದಾವ ಅನ್ನೂ ಖಬರ ನನಗಿಲ್ಲ.

ಒಂದಿನ ಮಧ್ಯಾಹ್ನ ನಾ ಒಳಗ ಭಕ್ರಿ ಬಡಿಯಾಕತ್ತಿದ್ದೆ. ಮಗಳು, ನಾಕು ವರ್ಷದ್ದು, ಬಾಜೂ ಮನಿ ಹುಡುಗನ ಕೂಡ ಹಿತ್ತಲದಾಗ ಅಡಗಿ ಆಟ ಆಡ್ತಿತ್ತು. ಓಡಿ ಬಂದು "ಅಮ್ಮಾ, ಬಟಾಣಿ ಪಲ್ಯಾ ಮಾಡೇನಿ, ತಿನ್ನು" ಅಂತ ಆಟಿಗಿ ತಾಟು ಮುಂದ ಹಿಡೀತು. ತಾಟಿನಾಗ ಸುಲಿದ ಹಸರು ಕಾಳು. ನಾ ನಕ್ಕೆ. ನಕ್ಕು, "ಎಲ್ಲಿಂದ ತಂದಿ ಬಟಾಣಿ?" ಅಂತ ಕೇಳಿದೆ. ಗಿಡದ ಕಡೆ ಬೆರಳು ಮಾಡ್ತು.

"ತಿಂದೀಯೇನು?" ಅಂದೆ. "ಹೂಂ" ಅಂತು. ನನ್ನ ದನಿ ನಡಗೂದು ಕೇಳಿ ಅಂಜಿ, "ಇಲ್ಲಾ" ಅಂತು. ಮತ್ತೊಮ್ಮೆ ಕೇಳಿದ್ರ "ಒಂದ" ಅಂತು. ಯಾವುದನ್ನ ನಂಬೂದು? ಆ ಹುಡುಗ ಅಂತೂ ಬಾಯಿ ಬಿಡ್ಲಿಲ್ಲ. ಅವರ ತಾಯಿ ಬಂದು ಕಾಯಿ ನೋಡಿ ಗುರುತು ಹಿಡಿದ್ರು. ಅವರ ಮುಖ ಬೆಳ್ಳಗಾದದ್ದು ನೋಡಿನ ನನಗ ಅದೇನು ಅಂತ ತಿಳೀತು. 111ಕ್ಕ ಫೋನ್ ಮಾಡಿದ್ವಿ, ಎರಡೂ ಮಕ್ಕಳನ್ನ ಕರಕೊಂಡು ದವಾಖಾನಿಗೆ ಹೋಗ್ರಿ, ಕಾಯೀನೂ ತೊಗೊಂಡು ಹೋಗ್ರಿ ಅಂದ್ರು. ರಾತ್ರಿ ಹತ್ತರ ತನಕ ಅಲ್ಲೇ ಕೂಡಿಸಿಕೊಂಡ್ರು. ವಾಂತಿ ಆಗ್ತದೇನು, ಮಂಪರು ಬರ್ತದೇನು, ಎದಿ ಬಡಿತ ಹೆಂಗದ ಅಂತ ಘಳಿಗ್ಗೊಮ್ಮೆ ನೋಡಿದ್ರು. ಏನೂ ಆಗ್ಲಿಲ್ಲ. ಒಂದು ಎರಡು ಕಾಳಿಗೆ ಸಾಮಾನ್ಯವಾಗಿ ಹೊಟ್ಟಿ ತೊಳಸೂದು, ವಾಂತಿ, ಇಷ್ಟ ಇರ್ತದ, ಜೀವಕ್ಕ ಅಪಾಯ ಅಪರೂಪ ಅಂತ ಡಾಕ್ಟರು ಸಮಾಧಾನ ಹೇಳಿದ್ರು. ಆ ಏಳು ತಾಸು ನಾ ಹೆಂಗ ಕೂತಿದ್ದೆ ಅನ್ನೂದು ಹೆತ್ತವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮರುದಿನದಿಂದ ತೀರ್ಪು ಶುರು ಆದ್ವು. ಮನಿಯವರು, "ನಾಳೆನ ಕಡಿಸ್ತೇನಿ" ಅಂದ್ರು. ಇಲ್ಲಿನ ನಮ್ಮ ಕನ್ನಡದ ಗೆಳತ್ಯಾರು, "ಮಕ್ಕಳಿದ್ದ ಮನ್ಯಾಗ ಇಂಥಾ ಗಿಡ ಯಾಕ ಇಟ್ಟಿದ್ದಿ?" ಅಂದ್ರು. ಅವರನ ಹೂವಿನ ಫೋಟೋಕ್ಕ ಹೃದಯ ಒತ್ತಿದವರು. ಊರಿಂದ ಅತ್ತಿಯವರು, "ಕಕ್ಕಿಕಾಯಿ ತಿಂದ್ರ ಏನಾಗ್ತದ, ಎರಡು ಸಲ ಹೊರಗ ಹೋಗಿ ಬರ್ತದ, ಇಷ್ಟಕ್ಕ ದವಾಖಾನಿ ಯಾಕ" ಅಂದ್ರು. ಮತ್ತ ಎಲ್ಲಾರೂ, ಒಬ್ಬರು ಬಿಡಧಂಗ, ಒಂದು ಪ್ರಶ್ನಿ ಕೇಳಿದ್ರು. "ಆವಾಗ ನೀ ಎಲ್ಲಿದ್ದಿ?"

ನಾ ಭಕ್ರಿ ಬಡಿಯಾಕತ್ತಿದ್ದೆ. ನಿಮ್ಮೆಲ್ಲಾರ ಮನ್ಯಾಗೂ ಯಾರೋ ಒಬ್ಬಾಕಿ ಬಡಿಯಾಕತ್ತಿರ್ತಾಳಲ್ಲ, ಅದನ್ನ.

ಈಗ ಒಬ್ಬೊಬ್ಬರಿಗೂ ಉತ್ತರ ಕೊಡ್ತೇನಿ.

"ಏನೂ ಆಗೂದಿಲ್ಲ" ಅನ್ನವರಿಗೆ ಮೊದಲ. ನಮ್ಮ ಹಿರ್ಯಾರಿಗೆ ಗಿಡಾ ಗೊತ್ತಿದ್ವು, ಅದರಾಗ ಸುಳ್ಳಿಲ್ಲ. ನಮ್ಮಜ್ಜಿ ಹಿತ್ತಲದಾಗ ನಿಂತು ಇದು ಕೆಮ್ಮಿಗೆ, ಇದು ಗಾಯಕ್ಕ, ಇದು ಬ್ಯಾನಿಗೆ ಅಂತ ತೋರಿಸ್ತಿದ್ರು. ಆದ್ರ ಅವರಿಗೆ ಗೊತ್ತಿದ್ದದ್ದು ಅವರ ಹಿತ್ತಲದ ಗಿಡ. ಆ ತಿಳವಳಿಕಿ ಆ ಮಣ್ಣಿನದು. ಅದನ್ನ ಫೋಟೋ ನೋಡಿ ಇನ್ನೊಂದು ದೇಶದ ಗಿಡಕ್ಕ ಹಚ್ಚಿದ್ರ ಅದು ತಿಳವಳಿಕಿ ಆಗೂದಿಲ್ಲ, ಹಟ ಆಗ್ತದ. ನಮ್ಮಜ್ಜಿ ಇದ್ದಿದ್ರ ತಾವು ಕೈಲೆ ಮುಟ್ಟಿ ಮೂಸಿ ನೋಡದ ಗಿಡದ ಬಗ್ಗೆ ಬಾಯಿ ಬಿಡ್ತಿರ್ಲಿಲ್ಲ. ಮಗಳ ಬಾಣಂತನಕ್ಕ ಅಂತ ಎಷ್ಟೋ ತಾಯಂದಿರು ಈ ದೇಶಕ್ಕ ಬರ್ತಾರ, ಹಿತ್ತಲದಾಗ ಅಡ್ಡಾಡ್ತಾರ, ಏನರ ನಾಕು ಸೊಪ್ಪು ಕಾಯಿ ಸಿಕ್ಕಾವೇನು ಅಂತ ನೋಡ್ತಾರ. ಅವರಿಗೆ ಕೈಮುಗದು ಹೇಳ್ತೇನಿ, ಇಲ್ಲಿ ಗಿಡಾ ಬ್ಯಾರೆ. ಹೆಸರು ಕೇಳಲಾರದ ಒಂದ ಎಲೀನೂ ಒಳಗ ತರಬ್ಯಾಡ್ರಿ.

ಇನ್ನೊಂದು ಮಾತು ನಮ್ಮ ಕಡೆಯವರಿಗೇ ಹೇಳೂದು. ನಮ್ಮ ಮಕ್ಕಳಿಗೆ ಕಾಯಿ ಸುಲಿದು ತಿನ್ನಲಿಕ್ಕೆ ಕಲಿಸಿದವರು ನಾವ. ಊರಿಗೆ ಹೋದಾಗ ಹೊಲದಾಗ ಸುಲಗಾಯಿ ಕಿತ್ತು, ಹಸಿ ಕಡ್ಲಿ ಬಾಯಿಗೆ ಹಾಕೇವಿ. ಬಟಾಣಿ ಬಿಡಿಸ್ತಾ ಕೂತಾಗ "ಒಂದು ನಿನಗ, ಒಂದು ಬುಟ್ಟಿಗೆ" ಅಂತ ಆಟ ಆಡೇವಿ. ತಪ್ಪಲ್ಲ, ಅದು ಬಿಡೂವಂಥದ್ದೂ ಅಲ್ಲ. ಆದ್ರ ಸಿಪ್ಪಿ ಒಳಗ ಹಸರು ಕಾಳು ಕಂಡ್ರ ತಿನ್ನಬಹುದು ಅಂತ ಕಲಿತ ಕೂಸು ಲ್ಯಾಬರ್ನಮ್ ಕೆಳಗ ನಿಂತಾಗ ಏನ ಮಾಡ್ತದ? ಕಲಿಸಿದ್ದನ್ನ ಮಾಡ್ತದ. ನನ್ನ ಮಗಳದು ತಪ್ಪಿರಲಿಲ್ಲ. ಅರ್ಧಾ ಪಾಠ ಕಲಿಸಿದ್ದು ನಾನು.

ಈಗ "ಕಡೀರಿ" ಅನ್ನವರಿಗೆ. ನಿಮ್ಮ ಮ್ಯಾಲೆ ನನಗ ಇನ್ನೂ ಹೆಚ್ಚಿಗೆ ಸಿಟ್ಟು ಅದ.

ಹೇಳ್ರಿ, ಧಾರವಾಡದಾಗ ನಿಮ್ಮ ಮನಿ ಮುಂದ ಕಣಗಲ ಗಿಡ ಇಲ್ಲೇನು? ದಿನಾ ಅದರ ಹೂ ಕಿತ್ತು ಬುಟ್ಟಿ ತುಂಬಿಸಿ ಪೂಜಾಕ್ಕ ಕೂಡ್ತೀರಿ. ಅದರ ಎಲಿ, ಬೀಜ, ಹಾಲು ಎಲ್ಲಾ ವಿಷ, ಎದಿ ಬಡಿತಾನ ಕೆಡಸ್ತದ. ಶನಿವಾರ ಹಣಮಪ್ಪಗ ಎಕ್ಕಿ ಹಾರ ಹಾಕ್ತೀರಿ, ಅದರ ಹಾಲು ಕಣ್ಣಾಗ ಬಿದ್ರ ಕಣ್ಣು ಕೆಡ್ತದ. ಶಿವರಾತ್ರಿಗೆ ದತ್ತೂರಿ ಹೂ, ಕಾಯಿ ಏರಸ್ತೀರಿ, ಅದು ತಿಂದ್ರ ಮನಶ್ಯಾ ಹುಚ್ಚನಗತೆ ಆಗ್ತಾನ. ಅಕ್ಕಸಾಲಿಗರು ಬಂಗಾರ ತೂಗತಿದ್ದ ಗುಲಗಂಜಿ, ನಾವೆಲ್ಲ ಡಬ್ಬಿ ತುಂಬ ಕೂಡಿಸಿಟ್ಟು ಆಡಿದ್ದು, ಅದನ್ನ ಜಗದು ನುಂಗಿದ್ರ ಜೀವಕ್ಕ ಮೂಲ. ಔಡಲ ಬೀಜಾನೂ ಹಂಗ. ಇವೆಲ್ಲಾ ನಮ್ಮ ಮನಿ ಸುತ್ತ ಇದ್ದು, ನಾವು ಬೆಳದು ದೊಡ್ಡವರಾಗಿ ಮಕ್ಕಳನ್ನ ಹಡದೇವಿ. ಯಾರೂ ಕೊಡ್ಲಿ ತೊಗೊಂಡು ಕಣಗಲ ಕಡೀಲಿಲ್ಲ. ಹೆಂಗ ಉಳದ್ವಿ?

ಯಾಕಂದ್ರ ನಡೀಲಿಕ್ಕೆ ಬಂದ ದಿನದಿಂದ ಯಾರೋ ಒಬ್ಬಾಕಿ ನಮ್ಮ ಕೈ ಹಿಡದು ಹೇಳ್ತಿದ್ಲು. "ಇದು ವಿಷ, ಬಾಯಿಗೆ ಹಾಕಬ್ಯಾಡ." "ಎಕ್ಕಿ ಹಾಲು ಮುಟ್ಟಿದ ಕೈ ಕಣ್ಣಿಗೆ ಹಚ್ಚಬ್ಯಾಡ." "ಹೂ ಕಿತ್ತ ಮ್ಯಾಲೆ ಕೈ ತೊಳಕೋ." ಅವ್ವ ಹೇಳ್ತಿದ್ಲು, ಅವ್ವಗ ಪುರಸೊತ್ತು ಇಲ್ಲಂದ್ರ ಅಜ್ಜಿ, ಅಜ್ಜಿ ಮಲಗಿದ್ರ ಓಣಿಯಾಗಿನ ಯಾವ ಕಾಕು ಇದ್ರೂ ಕಿವಿ ಹಿಂಡಿ ಹೇಳ್ತಿದ್ರು. ಆ ಮಾತನ್ನ ಯಾರೂ ಪುಸ್ತಕದಾಗ ಬರೀಲಿಲ್ಲ. ಅದಕ್ಕ ಯಾರೂ ಶಾಭಾಸ್ ಅನ್ನಲಿಲ್ಲ. ಬ್ಯಾಸರಿಲ್ಲದ ಹೇಳಿದ ಆ ಮಾತಿನಿಂದ ನಾವು ಉಳದೇವಿ.

ಇಲ್ಲಿ ಬಂದ ಮ್ಯಾಲೆ ಆ ಮಾತು ತುಂಡಾತು. ನನಗ ಗೊತ್ತಿಲ್ಲದ ಗಿಡದ ಬಗ್ಗೆ ನಾ ಮಗಳಿಗೆ ಏನು ಹೇಳಲಿ? ಕಾಕು ಇಲ್ಲ, ಅಜ್ಜಿ ಇಲ್ಲ. ಬಾಜೂ ಮನಿಯಾಕಿಗೆ ಗೊತ್ತಿತ್ತು, ಆದ್ರ ನಾನೂ ಅವರೂ ಮೂರು ವರ್ಷ ಬರೇ ಹವಾಮಾನದ್ದು ಮಾತಾಡೇವಿ, ಗಿಡದ್ದು ಮಾತಾಡಿರ್ಲಿಲ್ಲ. ನಾ ಕೇಳಲಿಲ್ಲ, ಅವರು ಹೇಳಲಿಲ್ಲ. ಮುರದದ್ದು ಇದು. ಗಿಡ ಕಡದ್ರ ಇದು ಸರಿ ಆಗ್ತದೇನು?

ಮತ್ತ ಎಷ್ಟು ಅಂತ ಕಡೀತೀರಿ? ಲ್ಯಾಬರ್ನಮ್ ಕಡದ್ರಿ ಅನ್ರಿ. ಇಲ್ಲಿನ ಚರ್ಚಿನ ಅಂಗಳದಾಗ ಯೂ ಅನ್ನೂ ಗಿಡ ಇರ್ತಾವ, ಕೆಂಪು ಹಣ್ಣು, ಒಳಗಿನ ಬೀಜ ಕಡು ವಿಷ. ದಾರಿ ಬದಿ ಫಾಕ್ಸ್‌ಗ್ಲವ್ ಬೆಳೀತದ, ಎದಿ ರೋಗದ ಔಷಧ ಬಂದದ್ದು ಆ ಜಾತಿಯಿಂದನ, ತಿಂದ್ರ ಎದಿ ನಿಲ್ಲಸೂದೂ ಅದ. ವಸಂತದಾಗ ಊರ ತುಂಬ ಡ್ಯಾಫೋಡಿಲ್, ಅದರ ಗಡ್ಡಿ ಉಳ್ಳಾಗಡ್ಡಿ ಅಂತ ತಿಳದು ತಿಂದು ಬ್ಯಾನಿ ಬಿದ್ದವರಿದ್ದಾರ. ರೂಬಾರ್ಬ್ ಅಂತ ಒಂದು ಬೆಳೀತಾರ, ದಂಟು ಅಡಗಿಗೆ, ಎಲಿ ವಿಷ. ನನ್ನ ಹಿತ್ತಲ ಬೋಳು ಮಾಡಿದ್ರ ಮಗಳು ಬಾಗಲಾ ದಾಟಲಿಕ್ಕಿಲ್ಲೇನು? ಸಾಲಿಗೆ ಹೋಗಲಿಕ್ಕಿಲ್ಲೇನು? ಗಿಡ ಕಡದು "ಈಗ ಚಿಂತಿ ಇಲ್ಲ" ಅಂತ ಕೂತ ತಾಯಿ ಮಗಳಿಗೆ ಏನೂ ಕಲಿಸೂದಿಲ್ಲ. ನನಗ ಅಂಜಿಕಿ ಇರೂದು ಅದರದ.

"ಒಂದಿನ ನಿನ್ನ ಕಣ್ಣು ತಪ್ಪಿದ್ರ?" ಅಂತ ನನ್ನ ವೈನಿ ಕೇಳಿದ್ರು. ಒಳ್ಳೆ ಪ್ರಶ್ನಿ, ಸುಮ್ಮನ ತಳ್ಳಿ ಹಾಕೂದಿಲ್ಲ. ಅಂಬೆಗಾಲಿಡೂ ಕೂಸು, ಸಿಕ್ಕದ್ದನ್ನ ಬಾಯಿಗೆ ಹಾಕೂ ವಯಸ್ಸಿನ ಕೂಸು ಇದ್ದವರು ಹೊಸದಾಗಿ ಈ ಗಿಡ ಹಚ್ಚಬ್ಯಾಡ್ರಿ, ನಾನೂ ಹೇಳ್ತೇನಿ. ಆ ವಯಸ್ಸಿಗೆ ಮಾತು ತಿಳ್ಯೂದಿಲ್ಲ. ಇದ್ದ ಗಿಡದ ಸುತ್ತ ಎರಡು ವರ್ಷ ಬೇಲಿ ಹಾಕ್ರಿ. ಕುದುರಿ, ದನ ಮೇಯೂ ಜಾಗಾದ ಹತ್ತಿರಾನೂ ಬ್ಯಾಡ, ಅವಕ್ಕೂ ಇದು ವಿಷನ. ಹಚ್ಚಲೇಬೇಕು ಅನ್ನೂ ಹುಕಿ ಇದ್ದವರು ವೊಸ್ಸಿ ಅನ್ನೂ ಜಾತಿ ಕೇಳಿ ತೊಗೋರಿ, ಅದರ ಗೊಂಚಲ ಉದ್ದ, ಕಾಯಿ ಭಾಳ ಕಡಿಮಿ. ಕಡಿಮಿ ಅಂದೆ, ಇಲ್ಲಾ ಅನ್ಲಿಲ್ಲ. ವೇಲ್ಸಿನ ಬಾಡ್ನಂಟ್ ತೋಟದಾಗ ಇದೇ ಗಿಡದ 55 ಮೀಟರ ಉದ್ದದ ಕಮಾನು ಅದ. ಮೇ ಕಡೀಗೆ, ಜೂನ್ ಮೊದಲಿಗೆ ಮಂದಿ ಮಕ್ಕಳು ಮರಿ ಕಟಿಗೊಂಡು ಅದರ ಕೆಳಗ ನಡದು ಹೋಗ್ತಾರ. ಅಷ್ಟು ಮಂದಿ ನೋಡಿ ಸಂತೋಷ ಪಡೂ ಗಿಡಾ ನನ್ನ ಬೇಲಿ ಮೂಲ್ಯಾಗಷ್ಟ ಪಾಪಿ ಆತೇನು?

ಆದ್ರ ಹೂ ಬೇಕು ಅಂದವರು ಕಾಯಿ ಕೆಲಸಾನೂ ಮಾಡಬೇಕು. ಜಗಳದ ತಿರುಳು ಇದ. ಹೂ ಇರೂದು ವರ್ಷದಾಗ ಎರಡು ಮೂರು ವಾರ. ಕಾಯಿ ಜೂನಿನಿಂದ ಹಿಡದು ಛಳಿಗಾಲದ ತನಕ ಜೋತು ಬಿದ್ದಿರ್ತಾವ, ಒಣಗಿ ಸಿಡದು ಬೀಜ ಹುಲ್ಲಿನಾಗ ಬೀಳ್ತಾವ. ಹೂ ಇದ್ದಾಗ ಮನಿ ಮಂದಿ ಎಲ್ಲಾ ಗಿಡದ ಕೆಳಗ. ಕಾಯಿ ಇದ್ದಾಗ ಒಬ್ಬಾಕಿ ತಾಯಿ, ಅದೂ ಅಡಗಿ ಮನಿ ಖಿಡಕಿಯಿಂದ. ಏನರ ಆದ್ರ ಆಕಿನ ಎಲ್ಲಿದ್ಲು ಅಂತ ಕೇಳ್ತೀರಿ. ನಾ ಕೇಳ್ತೇನಿ, ಫೋಟೋದಾಗ ಗಿಡದ ಕೆಳಗ ನಿಂತ ಉಳಿದ ಐದು ಮಂದಿ ಎಲ್ಲಿದ್ರಿ?

ನಮ್ಮ ಮನ್ಯಾಗ ಈಗ ಒಂದು ನೇಮ ಮಾಡೇನಿ. ಮನಿಯವರಿಗೆ ಹೇಳಿದೆ, "ಕಡಸೂದಾದ್ರ ಕೊಡ್ಲಿ ಹಿಡ್ಯಾವರಿಗೆ ರೊಕ್ಕಾ ಕೊಟ್ಟು ಒಂದ ದಿನಕ್ಕ ಮುಗಸ್ತೀರಿ. ಇಟಗೊಳ್ಳೂದಾದ್ರ ವರ್ಷಕ್ಕೊಮ್ಮೆ ನೀವ ಏಣಿ ಹತ್ತಬೇಕು." ಈ ವರ್ಷ ಜೂನಿನಾಗ ಹೂ ಬಾಡಿದ್ದ ತಡ, ಒಂದು ರವಿವಾರ ಕೈಗೆ ಗ್ಲೌಸ್ ಹಾಕ್ಕೊಂಡು ಹತ್ತಿದ್ರು. ಬಾಡಿದ ಗೊಂಚಲ, ಎಳೇ ಕಾಯಿ ಎಲ್ಲಾ ಕತ್ತರಿಸಿ ಕೆಳಗ ಹಾಕಿದ್ರು, ನಾ ಆರಿಸಿ ಚೀಲಕ್ಕ ತುಂಬಿದೆ. ಮೂರು ತಾಸಿನ ಕೆಲಸ. ಟೊಂಗಿ ಸವರೂದಿದ್ರ ಮಾತ್ರ ಬ್ಯಾಸಿಗಿ ಕಡೀಗೆ ಇಲ್ಲಾ ಛಳಿಗಾಲದ ನಡುವಿನೊಳಗ ಸವರ್ರಿ. ವಸಂತದಾಗ ಕೊಯ್ದ್ರ ಗಾಯದಿಂದ ರಸಾ ಸೋರ್ತದ. ಮ್ಯಾಲಿನ ಟೊಂಗಿ ಕಾಯಿ ಕೈಗೆ ಎಟಕೂದಿಲ್ಲ, ಅದಕ್ಕ ವಾರಕ್ಕೊಮ್ಮೆ ಕೆಳಗ ಬಿದ್ದದ್ದು ಕಸಾ ಹೊಡೀತೇವಿ. ಕಸಾ ಹೊಡ್ಯೂ ಪಾಳಿ ಇಬ್ಬರದು.

ಬಾಜೂ ಮನಿಯಾಕಿನ್ನ ಕರದು ಚಹಾ ಕೊಟ್ಟು, ಹಿತ್ತಲ ತುಂಬ ಅಡ್ಡಾಡಿಸಿ, ಒಂದೊಂದು ಗಿಡಾ ತೋರಿಸಿ ಹೆಸರು ಕೇಳಿ ಬರಕೊಂಡೆ. ಹನ್ನೊಂದು ಗಿಡದಾಗ ನಾಕು ಬಾಯಿಗೆ ಹಾಕಬಾರದ್ದು. ಆ ನಾಕೂ ಮಗಳಿಗೆ ತೋರಿಸೇನಿ.

ಇಷ್ಟು ಮಾಡಿದ್ರೂ ಒಂದು ವ್ಯಾಳ್ಯಾ ಕೂಸು ತಿಂದ್ರ ಏನು ಮಾಡಬೇಕು, ಅದನ್ನೂ ಹೇಳಿ ಮುಗಸ್ತೇನಿ. ಬಾಯಾಗ ಉಳದದ್ದು ತಗೀರಿ. ಉಪ್ಪಿನ ನೀರು ಕುಡಿಸಬ್ಯಾಡ್ರಿ, ಗಂಟಲಾಗ ಬೆರಳು ಹಾಕಿ ವಾಂತಿ ಮಾಡಿಸಬ್ಯಾಡ್ರಿ, ಹಾಲು ತುಪ್ಪದ ಉಪಾಯ ಬ್ಯಾಡ. ಕಾಯಿ ಇಲ್ಲಾ ಎಲಿ ಒಂದು ಕೈಯಾಗ ಹಿಡಕೊಂಡು, ಎಷ್ಟು ಹೊತ್ತಿಗೆ ತಿಂತು ಅಂತ ನೆನಪಿಟ್ಟುಕೊಂಡು 111ಕ್ಕ ಫೋನ್ ಮಾಡ್ರಿ. ಮಂಪರು, ಮೈ ನಡಗೂದು, ಉಸಿರಾಟ ತೊಂದರಿ ಕಂಡ್ರ 999. ಊರಾಗ ಇದ್ದವರು ಕಣಗಲ, ಔಡಲ ತಿಂದ ಕೂಸಿಗೂ ಇದನ್ನ ಮಾಡ್ರಿ, ಸೀದಾ ದವಾಖಾನಿಗೆ ಓಡ್ರಿ. "ನೋಡೂಣ, ಮುಂಜಾನಿತನಕ" ಅನ್ನಬ್ಯಾಡ್ರಿ. ಮತ್ತ ಕೂಸಿನ ಮ್ಯಾಲೆ ಒದರಬ್ಯಾಡ್ರಿ. ನಾ ಒದರಿದ್ದಕ್ಕನ ನನ್ನ ಮಗಳು ಖರೇ ಹೇಳಲಿಲ್ಲ. ಆಕಿ ಒಂದು ತಿಂದಿದ್ಲೋ ಇಲ್ಲೋ, ಇವತ್ತಿಗೂ ನನಗ ಗೊತ್ತಿಲ್ಲ.

ಮೊನ್ನೆ ಬಾಜೂ ಹುಡುಗನ ತಮ್ಮ ಗಿಡದ ಕೆಳಗ ಬಿದ್ದ ಒಂದು ಕಾಯಿ ಎತ್ತಿಕೊಂಡ. ನಾ ಬಾಗಲದಾಗ ನಿಂತು ಬಾಯಿ ತಗ್ಯೂದರೊಳಗ ನನ್ನ ಮಗಳು ಅವನ ಕೈ ಹಿಡದು, ಅವರ ಭಾಷಾದಾಗ, "ಇದು ಬಟಾಣಿ ಅಲ್ಲ, ಹೊಟ್ಟಿಗೆ ವಿಷ, ಹೂ ನೋಡೂದಷ್ಟ, ಕೈ ತೊಳಕೋ ಬಾ" ಅಂತು. ನಮ್ಮ ಓಣಿ ಕಾಕು ಹೇಳಿದಂಗ ಇತ್ತು ಥೇಟ್, ಕಿವಿ ಹಿಂಡೂದೊಂದು ಬಾಕಿ.

ನೀವು ಇದನ್ನ ಓದಿ ಮುಗಿಸಿದ ಮ್ಯಾಲೆ ಒಂದು ಕೆಲಸ ಮಾಡ್ರಿ. ಮೊಮ್ಮಕ್ಕಳೋ, ಮಕ್ಕಳೋ, ಬಾಜೂ ಮನಿ ಕೂಸೋ, ಯಾರಿದ್ರ ಅವರನ್ನ ಹಿತ್ತಲಕ್ಕ ಕರಕೊಂಡು ಹೋಗಿ, ಇದು ಕಣಗಲ, ಇದು ಎಕ್ಕಿ, ಇದು ದತ್ತೂರಿ ಅಂತ ಬೆರಳು ಮಾಡಿ ತೋರಿಸ್ರಿ. ನನ್ನ ಫೋಟೋಕ್ಕ ಹೃದಯ ಆಮ್ಯಾಲೆ ಒತ್ತೀರಂತ.